ನೀಲಿ ಕೊಡೆಯ ಹಿಂದೆ ಒಂದು ದಿನ

ಮಳೆಯಿಲ್ಲದ ಬೆಳಗಿನಲ್ಲಿ ಬಿಡಿಸಿ ಹಿಡಿದ ಕೊಡೆಯೊಂದರ ಹಿಂದೆ ಹದಿನಾಲ್ಕು ಮಂದಿ ಮೌನವಾಗಿ ನಡೆದು ಹೋಗುತ್ತಿದ್ದರೆ, ನಮ್ಮೂರಿನಲ್ಲಾದರೆ ಯಾವುದೋ ದೇವರ ಉತ್ಸವವಿರಬೇಕೆಂದು ಜನ ಕೈಮುಗಿದು ನಿಂತಾರು. ಪ್ರಾಗ್ ನಗರದಲ್ಲಿ ಅದಕ್ಕೆ ಗೈಡೆಡ್ ಟೂರ್ ಎಂದು ಹೆಸರು. ಕೊಡೆ ನೀಲಿ ಬಣ್ಣದ್ದು. ಹಿಡಿದವರು ಅರವತ್ತರ ಆಸುಪಾಸಿನ ಎತ್ತರದ ಹೆಂಗಸು. ಹಿಂಬಾಲಿಸಿದ ಹದಿನಾಲ್ಕು ಮಂದಿಯಲ್ಲಿ ಮೂವರು ಮೈಸೂರಿನವರು: ನಾನು, ನನ್ನಾಕೆ, ನಮ್ಮ ಮಗಳು. ಮೂವರಲ್ಲಿ ಇಬ್ಬರಿಗೆ ಹಿಂದಿನ ಸಂಜೆಯಿಂದ ಮಾತಿಲ್ಲ.

ಅದು 2019ರ ಮೇ ತಿಂಗಳು. ಮಗಳು ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್‌ನ ಸ್ನಾತಕೋತ್ತರ ಪದವಿಗೆ ಓದುತ್ತಿದ್ದಳು. ಎರಡು ವರ್ಷದ ಕೋರ್ಸಿನಲ್ಲಿ ಒಂದು ವರ್ಷ ಮುಗಿಯುತ್ತ ಬಂದಿತ್ತು. ನಿವೃತ್ತಿಯ ನಂತರ ಮೊದಲ ಸಲ ಸಮುದ್ರ ದಾಟಿದ ನಮ್ಮನ್ನು ಆಕೆಯೇ ಪ್ರಾಗ್‌ಗೆ ಕರೆದುಕೊಂಡು ಹೊರಟಿದ್ದಳು. ರೈಲಿನಲ್ಲಿ ಎರಡೂವರೆ ಗಂಟೆಯ ಹಾದಿ. ಎಲ್ಬ್ ನದಿಯ ದಂಡೆಗುಂಟ ಬಂಡೆ, ಕಾಡುಗಳ ನಡುವೆ ಸಾಗುವ ಆ ಹಾದಿ ಬಹಳ ಸುಂದರವಂತೆ. ನಾನು ನೋಡಲಿಲ್ಲ. ರೈಲು ಹೊರಟು ಕಾಲು ಗಂಟೆಗೆಲ್ಲ ಮಗಳು, “ಅಪ್ಪಾ, ನಾನು ಈ ಕೋರ್ಸು ಬಿಡಬೇಕು ಅಂತಿದ್ದೀನಿ” ಎಂದಿದ್ದಳು.

ಬಿಟ್ಟು ಏನು ಮಾಡುತ್ತೀಯೆಂದರೆ, ವಸ್ತುಸಂಗ್ರಹಾಲಯಗಳಲ್ಲಿರುವ ಹಳೆಯ ಯಂತ್ರ, ಗಡಿಯಾರ, ದೂರದರ್ಶಕಗಳನ್ನು ಸರಿಪಡಿಸಿ ಕಾಪಾಡುವ ವಿದ್ಯೆಯೊಂದಿದೆ, ಅದನ್ನು ಕಲಿಯುತ್ತೇನೆ ಎಂದಳು. ನನ್ನ ಕಣ್ಣ ಮುಂದೆ ಬಂದದ್ದು ಬ್ಯಾಂಕಿನಲ್ಲಿಟ್ಟ ಮನೆ ಪತ್ರ. “ಗಡಿಯಾರ ರಿಪೇರಿ ಕಲಿಯೋಕೆ ಜರ್ಮನಿಗೆ ಯಾಕೆ ಬರಬೇಕಿತ್ತು? ಸಯ್ಯಾಜಿರಾವ್ ರಸ್ತೆಯಲ್ಲೇ ಒಂದು ಸ್ಟೂಲು ಹಾಕ್ಕೊಂಡು ಕೂತಿದ್ದರೆ ಆಗ್ತಿತ್ತಲ್ಲ” ಎಂದುಬಿಟ್ಟೆ. ಅವಳು ಕಿಟಕಿಯ ಕಡೆ ಮುಖ ಮಾಡಿದಳು. ನಾನು ಇನ್ನೊಂದು ಕಿಟಕಿಯ ಕಡೆ ಮುಖ ಮಾಡಿದೆ. ನನ್ನಾಕೆ ಇಬ್ಬರ ನಡುವೆ ಚಕ್ಕುಲಿ ಡಬ್ಬ ಹಿಡಿದು ಕೂತಿದ್ದಳು.

ಮೂವತ್ತನಾಲ್ಕು ವರ್ಷ ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಕಲಿಸಿದವನು ನಾನು. “ಮಕ್ಕಳ ಮೇಲೆ ನಿಮ್ಮ ಇಷ್ಟ ಹೇರಬೇಡಿ” ಎಂದು ಎಷ್ಟೋ ತಂದೆತಾಯಿಗಳಿಗೆ ಉಪದೇಶ ಮಾಡಿದ್ದೇನೆ. ಪರರ ಮಕ್ಕಳ ವಿಷಯದಲ್ಲಿ ಆ ಉಪದೇಶಕ್ಕೆ ಖರ್ಚಿಲ್ಲ.

ಗಡಿಯಾರದ ಮುಂದೆ

ಗೈಡಮ್ಮ ಮೊದಲು ಕರೆದೊಯ್ದದ್ದೇ ಗಡಿಯಾರದ ಮುಂದಕ್ಕೆ. ಮಗಳು ಬೇಕೆಂದೇ ಹೀಗೆ ಏರ್ಪಾಡು ಮಾಡಿದಳೇ ಎಂದು ನನಗೆ ಅನುಮಾನ ಬಂತು. ಆದರೆ ಪ್ರಾಗ್‌ಗೆ ಬಂದವರೆಲ್ಲ ಮೊದಲು ನಿಲ್ಲುವುದು ಅಲ್ಲೇ.

ಹಳೇ ಪಟ್ಟಣದ ಚೌಕದಲ್ಲಿ, ಪುರಭವನದ ಗೋಪುರದ ಗೋಡೆಗೆ ಹೊಂದಿಕೊಂಡಿರುವ ಈ ಖಗೋಳ ಗಡಿಯಾರ 1410ರದು. ವಿಜಯನಗರದಲ್ಲಿ ಒಂದನೆಯ ದೇವರಾಯ ಆಳುತ್ತಿದ್ದ ಕಾಲ. ಕಡಾನ್ ಊರಿನ ಮಿಕುಲಾಶ್ ಎಂಬ ಗಡಿಯಾರದ ಕುಶಲಕರ್ಮಿ ಇದನ್ನು ಮಾಡಿದ. ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಗಣಿತ, ಖಗೋಳ ಕಲಿಸುತ್ತಿದ್ದ ಯಾನ್ ಶಿಂಡೆಲ್ ಅದರ ಲೆಕ್ಕಾಚಾರ ಒದಗಿಸಿದನೆನ್ನುತ್ತಾರೆ. ಇಂಥ ಗಡಿಯಾರವನ್ನು ಬೇರೆ ಊರಿಗೆ ಮಾಡಿಕೊಡಬಾರದೆಂದು ನಗರದ ಹಿರಿಯರು ಅದನ್ನು ಮಾಡಿದವನ ಕಣ್ಣು ಕೀಳಿಸಿದರೆಂಬ ಕಥೆಯೂ ಇದೆ. “ಕಥೆ ಸುಳ್ಳು. ಆದರೆ ಟೂರಿಸ್ಟರು ಅದನ್ನು ಕೇಳದೆ ಹೋಗುವುದಿಲ್ಲ” ಎಂದರು ಗೈಡಮ್ಮ.

ಗಂಟೆ ಹತ್ತಾಯಿತು. ಗಡಿಯಾರದ ಪಕ್ಕದ ಅಸ್ಥಿಪಂಜರವೊಂದು ಹಗ್ಗ ಜಗ್ಗಿತು. ಮೇಲಿನ ಎರಡು ಪುಟ್ಟ ಕಿಟಕಿಗಳು ತೆರೆದುಕೊಂಡು ಏಸುವಿನ ಹನ್ನೆರಡು ಶಿಷ್ಯರ ಬೊಂಬೆಗಳು ಒಂದೊಂದಾಗಿ ಇಣುಕಿ ಹೋದವು. ಕೊನೆಗೆ ಹುಂಜ ಕೂಗಿತು, ಗಂಟೆ ಬಾರಿಸಿತು. ಎಲ್ಲ ಒಂದು ನಿಮಿಷದೊಳಗೆ ಮುಗಿಯಿತು. ನೂರಾರು ಕೈಗಳು ಮೊಬೈಲ್ ಎತ್ತಿ ಚಿತ್ರ ತೆಗೆದು ಚದುರಿದವು. ಗೈಡಮ್ಮ ನಕ್ಕರು. “ಎಲ್ಲರೂ ಬೊಂಬೆ ನೋಡಿದಿರಿ. ಗಡಿಯಾರ ನೋಡಿದವರು ಯಾರು?”

ಆಗ ನೋಡಿದೆವು. ಫಲಕದ ನಡುವೆ ಭೂಮಿ. ಅದರ ಸುತ್ತ ಸೂರ್ಯನ ಮುಳ್ಳು, ಚಂದ್ರನ ಮುಳ್ಳು, ಹನ್ನೆರಡು ರಾಶಿಗಳ ಚಕ್ರ. ನಮ್ಮ ಪಂಚಾಂಗದವರು ಸೂರ್ಯೋದಯದಿಂದ ದಿನ ಎಣಿಸಿದರೆ, ಹಳೆಯ ಬೊಹೀಮಿಯಾದವರು ಸೂರ್ಯಾಸ್ತದಿಂದ ಎಣಿಸುತ್ತಿದ್ದರು. ಆ ಲೆಕ್ಕವನ್ನೂ ಈ ಗಡಿಯಾರದ ಹೊರ ಉಂಗುರ ಇವತ್ತಿಗೂ ತೋರಿಸುತ್ತದೆ. ಇದೊಂದು ಗೋಡೆಗೆ ಹಾಕಿದ ಪಂಚಾಂಗವೇ ಸರಿ.

“ಒಳಗಿನ ಚಕ್ರಗಳಿಗೆ ಎಷ್ಟು ಹಲ್ಲು?” ಎಂದು ಮಗಳು ಕೇಳಿದಳು. ಗೈಡಮ್ಮ ಹುಬ್ಬೇರಿಸಿ, ಇಪ್ಪತ್ತು ವರ್ಷದಲ್ಲಿ ಈ ಪ್ರಶ್ನೆ ಕೇಳಿದವರು ಇಬ್ಬರೋ ಮೂವರೋ ಎಂದರು. ಮೂಲ ಯಂತ್ರದಲ್ಲಿ ಮೂರು ದೊಡ್ಡ ಚಕ್ರಗಳು. ರಾಶಿಚಕ್ರಕ್ಕೆ 365 ಹಲ್ಲು, ಸೂರ್ಯನಿಗೆ 366, ಚಂದ್ರನಿಗೆ 379. ಮೂರನ್ನೂ ತಿರುಗಿಸುವ ಸಣ್ಣ ಚಕ್ರಗಳು ಒಂದೇ ಅಳತೆಯವು.

ಮಗಳು ನನ್ನ ಕಡೆ ತಿರುಗಿ, ಮಾತು ಬಿಟ್ಟಿದ್ದನ್ನು ಮರೆತು, “ಅಪ್ಪಾ, ಗೊತ್ತಾಯ್ತಾ? ಚಂದ್ರ ದಿನಾ ಐವತ್ತು ನಿಮಿಷ ತಡವಾಗಿ ಹುಟ್ತಾನಲ್ಲ, ಅದಕ್ಕೇ ಅವನಿಗೆ ಜಾಸ್ತಿ ಹಲ್ಲು!” ಎಂದಳು.

ನಾನು ಜೇಬಿನಿಂದ ಪೆನ್ನು ತೆಗೆದು ರೈಲಿನ ಟಿಕೇಟಿನ ಹಿಂಬದಿಯಲ್ಲಿ ಲೆಕ್ಕ ಹಾಕಿದೆ. 366 ಹಲ್ಲಿನ ಚಕ್ರ 24 ಗಂಟೆಯಲ್ಲಿ ಒಂದು ಸುತ್ತು ಬಂದರೆ 379 ಹಲ್ಲಿನದಕ್ಕೆ ಬೇಕಾಗುವುದು 24 ಗಂಟೆ 51 ನಿಮಿಷ. ಚಂದ್ರ ಒಂದು ದಿನ ನೆತ್ತಿಗೆ ಬಂದು ಮರುದಿನ ಮತ್ತೆ ನೆತ್ತಿಗೆ ಬರಲು ಸರಾಸರಿ ಹಿಡಿಯುವ ಕಾಲ ಹೆಚ್ಚೂಕಡಿಮೆ ಇಷ್ಟೇ. 365 ಹಲ್ಲಿನ ರಾಶಿಚಕ್ರಕ್ಕೆ 23 ಗಂಟೆ 56 ನಿಮಿಷ 4 ಸೆಕೆಂಡು. ಅದು ನಕ್ಷತ್ರಗಳ ಲೆಕ್ಕದ ಒಂದು ದಿನ. ಇಂದಿನ ಪಠ್ಯಪುಸ್ತಕದಲ್ಲಿರುವ ಅಂಕಿಯೂ ಅದೇ. ಆರುನೂರು ವರ್ಷಗಳ ಹಿಂದೆ ಒಬ್ಬ ಮೇಷ್ಟ್ರು ಮತ್ತು ಒಬ್ಬ ಕಮ್ಮಾರ ಸೇರಿ ಆಕಾಶವನ್ನು ಕಬ್ಬಿಣದ ಹಲ್ಲುಗಳಲ್ಲಿ ಎಣಿಸಿಟ್ಟಿದ್ದರು.

ನನ್ನ ಸರ್ವಿಸಿನಲ್ಲಿ ಆ ‘23 ಗಂಟೆ 56 ನಿಮಿಷ’ವನ್ನು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಅದು ಹೀಗೆ ಕಣ್ಣಿಗೆ ಕಾಣುತ್ತದೆಂದು ನನಗೆ ತೋರಿಸಿದವಳು ಮಗಳು. ಅದನ್ನು ಅವಳಿಗೆ ಹೇಳಬೇಕೆನ್ನಿಸಿತು. ಹೇಳಲಿಲ್ಲ. ಕೊಡೆ ಮುಂದಕ್ಕೆ ಹೊರಟಿತ್ತು.

ತಲುಪದ ಕಾಗದ

ಚೌಕದ ಎದುರು ಬದಿಯಲ್ಲಿ ಜೋಡಿ ಗೋಪುರಗಳ ಟೀನ್ ಚರ್ಚು. ಅದರೊಳಗೆ ಖಗೋಳಜ್ಞ ಟೈಕೋ ಬ್ರಾಹೆಯ ಸಮಾಧಿ ಇದೆ. ದೂರದರ್ಶಕವಿಲ್ಲದ ಕಾಲದಲ್ಲಿ ಬರಿಗಣ್ಣಿನಿಂದ ಗ್ರಹಗಳ ಸ್ಥಾನವನ್ನು ಅಳೆದಿಟ್ಟ ಮಹಾನುಭಾವ ಇವನು. 1601ರಲ್ಲಿ ಪ್ರಾಗ್‌ನಲ್ಲೇ ತೀರಿಕೊಂಡ. ಅವನ ಅಂಕಿಅಂಶಗಳನ್ನು ಹಿಡಿದು ಕೂತ ಸಹಾಯಕ ಕೆಪ್ಲರ್ 1609ರಲ್ಲಿ ಗ್ರಹಚಲನೆಯ ಮೊದಲೆರಡು ನಿಯಮಗಳನ್ನು ಪ್ರಕಟಿಸಿದ. “ಆ ನಿಯಮಗಳು ಯಾರಿಗಾದರೂ ನೆನಪಿವೆಯೇ?” ಎಂದು ಗೈಡಮ್ಮ ಕೇಳಿದ್ದೇ ತಡ, ನನ್ನ ಕೈ ತಾನಾಗಿ ಮೇಲಕ್ಕೆ ಹೋಯಿತು. ಪೀಠಿಕೆಯೊಂದಿಗೆ ಮೂರನ್ನೂ ಹೇಳಿ ಮುಗಿಸಿದಾಗ ನನ್ನಾಕೆ ಶರ್ಟಿನ ತುದಿ ಜಗ್ಗುತ್ತಿದ್ದಳು.

“ತುಂಬಾ ಚೆನ್ನಾಗಿ ಹೇಳಿದಿರಿ” ಎಂದು ಗೈಡಮ್ಮ ಮುಂದುವರಿಸಿದರು. “ಟೈಕೋನನ್ನು ಅವನ ಮನೆಯವರು ಕಾನೂನು ಓದಲು ಲೈಪ್ಜಿಗ್‌ಗೆ ಕಳಿಸಿದ್ದರು, ಕಾವಲಿಗೆ ಒಬ್ಬ ಗುರುವನ್ನೂ ಜತೆ ಮಾಡಿ. ಗುರು ಮಲಗಿದ ಮೇಲೆ ಇವನು ನಕ್ಷತ್ರ ನೋಡುತ್ತಿದ್ದ. ಕೆಪ್ಲರ್ ಓದಿದ್ದು ಪಾದ್ರಿಯಾಗಲು.” ನಾನು ಮಗಳ ಕಡೆ ನೋಡಲಿಲ್ಲ. ಅವಳೂ ನನ್ನ ಕಡೆ ನೋಡಲಿಲ್ಲ. ಇಬ್ಬರೂ ನೋಡದಿರಲು ಪ್ರಯತ್ನಪಡುತ್ತಿದ್ದೆವೆಂಬುದು ಇಬ್ಬರಿಗೂ ತಿಳಿದಿತ್ತು.

ಚರ್ಚಿನ ಪಕ್ಕದಲ್ಲೇ ತಿಳಿಗುಲಾಬಿ ಬಣ್ಣದ ಕಿನ್ಸ್ಕಿ ಅರಮನೆ. ಲೇಖಕ ಫ್ರಾಂಟ್ಸ್ ಕಾಫ್ಕಾ ಹುಡುಗನಾಗಿದ್ದಾಗ ಓದಿದ ಪ್ರೌಢಶಾಲೆ ಇದ್ದದ್ದು ಈ ಕಟ್ಟಡದಲ್ಲಿ. ಮುಂದೆ ಅವನ ತಂದೆಯ ಅಂಗಡಿಯೂ ಇದೇ ಕಟ್ಟಡದ ಕೆಳಭಾಗಕ್ಕೆ ಬಂತು. ತಂದೆ ಬಡತನದಿಂದ ಮೇಲೆ ಬಂದ ಗಟ್ಟಿಗ ವ್ಯಾಪಾರಿ. ಮಗ ಕಾನೂನು ಓದಿ 1906ರಲ್ಲಿ ಡಾಕ್ಟರೇಟ್ ಪಡೆದು, ಕಾರ್ಮಿಕರ ಅಪಘಾತ ವಿಮೆಯ ಕಚೇರಿಯಲ್ಲಿ ಹಗಲು ಕೆಲಸ ಮಾಡಿ ರಾತ್ರಿ ಬರೆಯುತ್ತಿದ್ದ. 1919ರಲ್ಲಿ, ಮೂವತ್ತಾರನೆಯ ವಯಸ್ಸಿನಲ್ಲಿ, ತಂದೆಗೆ ನೂರು ಪುಟದಷ್ಟು ಉದ್ದದ ಕಾಗದ ಬರೆದ. ನಿಮ್ಮೆದುರು ನನಗೆ ಮಾತೇ ಬರುವುದಿಲ್ಲ ಯಾಕೆ ಎಂಬುದೇ ಅದರ ವಿಷಯ. ಕಾಗದ ತಂದೆಯ ಕೈ ಸೇರಲೇ ಇಲ್ಲ. ಒಂದೇ ಊರು, ಆದರೂ ತಲುಪಲಿಲ್ಲ. ಈಗ ಅದು ಪುಸ್ತಕವಾಗಿ ಇಡೀ ಜಗತ್ತಿಗೆ ತಲುಪಿದೆ.

ಪುರಭವನದ ಪಕ್ಕದ ನೆಲಗಲ್ಲಿನಲ್ಲಿ 27 ಬಿಳಿ ಶಿಲುಬೆಗಳಿವೆ. ಹ್ಯಾಬ್ಸ್‌ಬರ್ಗ್ ಚಕ್ರವರ್ತಿಯ ವಿರುದ್ಧ ಎದ್ದ ದಂಗೆ ಸೋತ ಮೇಲೆ 1621ರ ಜೂನ್ 21ರಂದು ಇಲ್ಲಿ 27 ನಾಯಕರನ್ನು ಕೊಲ್ಲಿಸಿದರು. ಅವರಲ್ಲೊಬ್ಬ ವಿಶ್ವವಿದ್ಯಾಲಯದ ರೆಕ್ಟರ್ ಆಗಿದ್ದ ವೈದ್ಯ ಯಾನ್ ಯೆಸೇನಿಯಸ್. 1600ರಲ್ಲಿ ಈ ನಗರದಲ್ಲಿ ಮೊದಲ ಬಾರಿಗೆ ಸಾರ್ವಜನಿಕವಾಗಿ ಶವಚ್ಛೇದನ ಮಾಡಿ ದೇಹರಚನೆ ಕಲಿಸಿದವನು. ಅಲ್ಲಿಂದ ಎರಡೇ ಬೀದಿ ಆಚೆ ಆ ವಿಶ್ವವಿದ್ಯಾಲಯದ ಹಳೆಯ ಕಟ್ಟಡವಿದೆ. ನಾಲ್ಕನೆಯ ಚಾರ್ಲ್ಸ್ ಅದನ್ನು ಸ್ಥಾಪಿಸಿದ್ದು 1348ರಲ್ಲಿ. ಪಾಠ ಹೇಳಿದ್ದಕ್ಕೆ, ಪಾಠ ಕೇಳಿದ್ದಕ್ಕೆ ಈ ಊರಿನ ಜನ ಎಷ್ಟೆಷ್ಟು ಬೆಲೆ ತೆತ್ತಿದ್ದಾರೆಂಬುದು ನಮಗೆ ಇನ್ನೂ ಗೊತ್ತಿರಲಿಲ್ಲ.

ಗೋಡೆಯ ಮೇಲಿನ ಹೆಸರುಗಳು

ಚೌಕದಿಂದ ಹತ್ತು ನಿಮಿಷ ನಡೆದರೆ ಯೆಹೂದಿಗಳ ಹಳೆಯ ಕೇರಿ ಯೋಸೆಫೊವ್. ಅಲ್ಲಿಯ ಪಿಂಕಾಸ್ ಪ್ರಾರ್ಥನಾ ಮಂದಿರದಲ್ಲಿ ವಿಗ್ರಹವಿಲ್ಲ, ಚಿತ್ರವಿಲ್ಲ. ನೆಲದಿಂದ ಮೇಲಿನವರೆಗೆ ಗೋಡೆಗಳ ತುಂಬ ಬರೀ ಹೆಸರುಗಳು. ನಾಜಿಗಳ ಕೈಯಲ್ಲಿ ಸತ್ತ ಬೊಹೀಮಿಯಾ, ಮೊರಾವಿಯಾ ಪ್ರಾಂತ್ಯಗಳ ಸುಮಾರು 80,000 ಯೆಹೂದಿಗಳು. ಊರು, ಮನೆತನ, ಹೆಸರು, ಹುಟ್ಟಿದ ದಿನ, ಕೊನೆಯ ಬಾರಿಗೆ ಜೀವಂತವಾಗಿ ಕಂಡ ದಿನ. 1950ರ ದಶಕದಲ್ಲಿ ಕೈಯಿಂದ ಬರೆದವು. 1968ರಲ್ಲಿ ನೆಲದಡಿಯ ನೀರಿನಿಂದ ಕಟ್ಟಡ ಕೆಟ್ಟಿತೆಂದು ಮುಚ್ಚಿ, ಹೆಸರುಗಳೂ ಅಳಿದುಹೋದವು. 1990ರ ದಶಕದಲ್ಲಿ ಮತ್ತೆ ಮೊದಲಿನಿಂದ ಅಷ್ಟನ್ನೂ ಬರೆದರು.

ಮಹಡಿಯ ಮೇಲೆ ಮಕ್ಕಳ ಚಿತ್ರಗಳಿವೆ. ಪ್ರಾಗ್‌ನಿಂದ ಅರವತ್ತು ಕಿಲೋಮೀಟರ್ ದೂರದ ತೆರೆಜೀನ್ ಶಿಬಿರದಲ್ಲಿ ಕೂಡಿಹಾಕಿದ್ದ ಮಕ್ಕಳಿಗೆ ಫ್ರೀಡಲ್ ಡಿಕರ್-ಬ್ರಾಂಡೈಸ್ ಎಂಬ ಕಲಾವಿದೆ ಗುಟ್ಟಾಗಿ ಚಿತ್ರಕಲೆ ಕಲಿಸಿದಳು. ಸಿಕ್ಕಿದ ರದ್ದಿ ಕಾಗದವೇ ಹಾಳೆ. 1944ರಲ್ಲಿ ಆಕೆಯನ್ನು ಆಶ್ವಿಟ್ಸ್‌ಗೆ ಸಾಗಿಸಿ ಕೊಂದರು. ಹೋಗುವ ಮುನ್ನ ಆಕೆ ಎರಡು ಸೂಟ್‌ಕೇಸುಗಳಲ್ಲಿ ಬಚ್ಚಿಡಿಸಿದ ಸುಮಾರು 4,500 ಚಿತ್ರಗಳು ಉಳಿದವು. ಬರೆದ ಮಕ್ಕಳಲ್ಲಿ ಹೆಚ್ಚಿನವರು ಉಳಿಯಲಿಲ್ಲ. ಚಿಟ್ಟೆ, ಮನೆ, ಹೂಕುಂಡ, ಸರ್ಕಸ್ಸು. ಹೆಚ್ಚಿನ ಚಿತ್ರಗಳಲ್ಲಿ ಮಗುವಿನ ಹೆಸರಿದೆ.

ಹಿಂದಿನ ಸಂಜೆ ನಾನು ಮುಖ ತಿರುಗಿಸಿ ಕೂತಿದ್ದ ಆ ರೈಲು ತೆರೆಜೀನ್‌ನ ಪಕ್ಕದಲ್ಲೇ ಹಾದು ಬಂದಿತ್ತು.

ನನ್ನಾಕೆ ಒಂದು ಚಿತ್ರದ ಮುಂದೆ ಬಹಳ ಹೊತ್ತು ನಿಂತಿದ್ದಳು. ಆಮೇಲೆ ಹೊರಗೆ ಬಂದು ಮಗಳ ಕೈ ಹಿಡಿದುಕೊಂಡವಳು ಮಧ್ಯಾಹ್ನದವರೆಗೆ ಬಿಡಲಿಲ್ಲ.

ಚಪಾತಿ ಮತ್ತು ಚಟ್ನಿಪುಡಿ

ಒಂದು ಗಂಟೆ ಊಟದ ಬಿಡುವು. ಉಳಿದವರೆಲ್ಲ ಹೋಟೆಲು ಹುಡುಕಿಕೊಂಡು ಹೋದರು. ನಾವು ನದೀತೀರದ ಬೆಂಚಿನ ಮೇಲೆ ಬುತ್ತಿ ಬಿಚ್ಚಿದೆವು. ಬೆಳಿಗ್ಗೆ ನಾಲ್ಕಕ್ಕೇ ಎದ್ದು, ಉಳಿದುಕೊಂಡಿದ್ದ ಕೋಣೆಯ ಪುಟ್ಟ ಒಲೆಯ ಮೇಲೆ ನನ್ನಾಕೆ ಮಾಡಿದ ಚಪಾತಿ. ಜತೆಗೆ ಮೈಸೂರಿನಿಂದಲೇ ತಂದ ಚಟ್ನಿಪುಡಿ. ಗೈಡಮ್ಮ ಪಕ್ಕದ ಬೆಂಚಿನಲ್ಲಿ ಒಂದು ಸೇಬು ಹಿಡಿದು ಕೂತಿದ್ದರು. ನನ್ನಾಕೆ ಕೇಳುವವಳೇ? ಎರಡು ಚಪಾತಿಯನ್ನು ಸುರುಳಿ ಸುತ್ತಿ ಕೊಟ್ಟುಬಿಟ್ಟಳು.

ಯಾವ ಊರೆಂದು ಕೇಳಿದರು. ಮೈಸೂರೆಂದರೆ ತಿಳಿಯಲಿಲ್ಲ. “ನಿಮ್ಮ ಜಾವಾ ಮೋಟಾರ್‌ಸೈಕಲ್ ತಯಾರಾಗುತ್ತಿದ್ದ ಊರು” ಎಂದೆ. ಆಕೆಯ ಕಣ್ಣು ಅರಳಿತು. ಜಾವಾ ಹುಟ್ಟಿದ್ದು 1929ರಲ್ಲಿ, ಇದೇ ಪ್ರಾಗ್‌ನಲ್ಲಿ. ಯಾನೆಚೆಕ್ ಎಂಬ ಉದ್ಯಮಿಯ ಹೆಸರಿನ ಮೊದಲಕ್ಷರ, ವಾಂಡರರ್ ಎಂಬ ಜರ್ಮನ್ ಬೈಕಿನ ಮೊದಲಕ್ಷರ ಸೇರಿ ಆದ ಹೆಸರು ಜಾವಾ. ಮೈಸೂರಿನ ಕಾರ್ಖಾನೆ 1960ರ ದಶಕದ ಆರಂಭದಿಂದ 1996ರವರೆಗೆ ಮೊದಲು ಜಾವಾ, ಆಮೇಲೆ ಯೆಜ್ಡಿ ಎಂಬ ಹೆಸರಿನಲ್ಲಿ ಅವನ್ನು ತಯಾರಿಸಿತು. ನನ್ನ ಹತ್ತಿರವೂ ಒಂದಿತ್ತು. ಅದರ ಎಂಜಿನ್ನನ್ನು ಹಜಾರದಲ್ಲಿ ಬಿಚ್ಚಿ ಹರಡಿದಾಗ ಪಕ್ಕದಲ್ಲಿ ಕೂತು ಸ್ಪಾನರು ಎತ್ತಿ ಕೊಡುತ್ತಿದ್ದವಳು ಏಳು ವರ್ಷದ ಇದೇ ಮಗಳು. ಹೇಳುತ್ತ ಹೇಳುತ್ತ ನನಗೆ ಗಂಟಲು ಕಟ್ಟಿತು. ಹಳೆಯ ಯಂತ್ರದ ಹುಚ್ಚು ಅವಳಿಗೆ ಎಲ್ಲಿಂದ ಬಂತೆಂದು ರಾತ್ರಿಯೆಲ್ಲ ಕೇಳಿಕೊಂಡಿದ್ದೆ!

“ನನ್ನ ಅಪ್ಪನಿಗೂ ಕೆಂಪು ಜಾವಾ ಇತ್ತು” ಎಂದರು ಗೈಡಮ್ಮ. “1971ರಲ್ಲಿ ಮಾರಿದರು.”

ಆಮೇಲೆ ಅವರು ಹೇಳಿದ್ದನ್ನು ಆದಷ್ಟು ಹಾಗೆಯೇ ಬರೆಯುತ್ತೇನೆ. ಅವರ ತಂದೆ ಕಾಲೇಜಿನಲ್ಲಿ ಇತಿಹಾಸದ ಅಧ್ಯಾಪಕರು. 1968ರ ಆಗಸ್ಟಿನಲ್ಲಿ ಸೋವಿಯತ್ ನೇತೃತ್ವದ ಸೈನ್ಯ ಟ್ಯಾಂಕುಗಳೊಂದಿಗೆ ನುಗ್ಗಿ, ಅಲ್ಲಿಯ ಕಮ್ಯುನಿಸ್ಟ್ ಸರ್ಕಾರವೇ ತಂದಿದ್ದ ಸುಧಾರಣೆಗಳನ್ನು ಅಡಗಿಸಿತು. ಮುಂದೆ ನೌಕರರನ್ನೆಲ್ಲ ಒಬ್ಬೊಬ್ಬರನ್ನಾಗಿ ಕರೆಸಿ ವಿಚಾರಣೆ ನಡೆಸಿದರು. ಬಂದದ್ದು ಆಕ್ರಮಣವಲ್ಲ, ಸೋದರ ಸಹಾಯ ಎಂದು ಒಪ್ಪಬೇಕು. ಒಪ್ಪಿದವರಿಗೆ ಕೆಲಸ ಉಳಿಯಿತು. ಅವರ ತಂದೆ ಒಪ್ಪಲಿಲ್ಲ. ಒಂದು ದೊಡ್ಡ ಕಟ್ಟಡದ ನೆಲಮಾಳಿಗೆಯಲ್ಲಿ ಬಾಯ್ಲರಿಗೆ ಕಲ್ಲಿದ್ದಲು ಹಾಕುವ ಕೆಲಸಕ್ಕೆ ಸೇರಿದರು. ಆ ಕಾಲದಲ್ಲಿ ಅಂಥ ವಿದ್ವಾಂಸರು ಎಷ್ಟೋ ಮಂದಿ ಇದ್ದರಂತೆ, ಕಿಟಕಿ ಒರೆಸುವವರು, ಬಾಯ್ಲರ್ ಕಾಯುವವರು.

“ನನಗೂ ಇತಿಹಾಸವೇ ಓದಬೇಕಿತ್ತು. ಒಳ್ಳೆಯ ಅಂಕ ಇದ್ದವು. ಆದರೆ ಆಗ ಬರೀ ಅಂಕ ನೋಡುತ್ತಿರಲಿಲ್ಲ. ಅರ್ಜಿಯಲ್ಲಿ ತಂದೆಯ ಉದ್ಯೋಗ ಬರೆಯಬೇಕಿತ್ತು. ತಂದೆ ಏನು, ಯಾಕೆ ಹಾಗಾದರು ಎಂಬ ವರದಿ ಬೇರೆ ಹೋಗುತ್ತಿತ್ತು. ಎರಡು ಸಲ ಅರ್ಜಿ ಹಾಕಿದೆ. ಎರಡು ಸಲವೂ ಸೀಟಿಲ್ಲ ಎಂದರು.” ಹತ್ತು ವರ್ಷಕ್ಕೂ ಮೇಲೆ ಅವರು ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡಿದರು.

“ನಿಮ್ಮ ತಂದೆಯ ಮೇಲೆ ಕೋಪ ಬರಲಿಲ್ಲವೇ?” ಎಂದು ಕೇಳಿದ್ದು ನನ್ನ ಮಗಳು.

“ಯಾಕೆ ಬರುವುದಿಲ್ಲ? ಎರಡು ವರ್ಷ ಸರಿಯಾಗಿ ಮಾತಾಡಿಸಲಿಲ್ಲ. ಒಂದು ಸಹಿ ಹಾಕಿದ್ದರೆ ನನ್ನ ಓದು ಆಗುತ್ತಿತ್ತಲ್ಲ ಎಂದು. ಒಂದು ದಿನ ಜಗಳದಲ್ಲಿ ಅಂದೂಬಿಟ್ಟೆ. ಅಪ್ಪ ಏನೂ ಉತ್ತರ ಕೊಡಲಿಲ್ಲ. ಮಾರನೆಯ ದಿನದಿಂದ ತಮ್ಮ ಪುಸ್ತಕಗಳನ್ನು ಒಂದೊಂದಾಗಿ ನನ್ನ ಮೇಜಿನ ಮೇಲೆ ಇಡತೊಡಗಿದರು. ಒಂದು ಓದಿ ಮುಗಿಸಿದರೆ ಇನ್ನೊಂದು. ನಾನು ಇಂದು ನಿಮಗೆ ಹೇಳುತ್ತಿರುವುದೆಲ್ಲ ಆ ಮೇಜಿನ ಮೇಲೆ ಓದಿದ್ದು.” ಸೇಬನ್ನು ಕರ್ಚೀಫಿನಿಂದ ಒರೆಸುತ್ತ ಅವರು ನಕ್ಕರು. “ನನ್ನ ಮಗನಿಗೆ ಇತಿಹಾಸವೆಂದರೆ ಆಗದು. ಕಂಪ್ಯೂಟರು, ಕಂಪ್ಯೂಟರು. ಅವನನ್ನು ಬದಲಾಯಿಸಬೇಕೆಂದು ನನಗೂ ಆಸೆ. ಬಾಯಿ ಮುಚ್ಚಿಕೊಂಡಿರುತ್ತೇನೆ. ಅವನಿಗೆ ಆರಿಸಿಕೊಳ್ಳುವ ಅವಕಾಶ ಇದೆಯಲ್ಲ, ನನಗೆ ಅಷ್ಟೇ ಸಾಕು.”

ಚಟ್ನಿಪುಡಿ ಖಾರವಾಗಿ ಅವರ ಕಣ್ಣಲ್ಲಿ ನೀರು ಬಂದಿತ್ತು. ಖಾರದ್ದೇ ಇರಬೇಕು.

ಬೀಗದಕೈ ಗೊಂಚಲು

ಮಧ್ಯಾಹ್ನ ವೆನ್ಸೆಸ್ಲಾಸ್ ಚೌಕ. ಹೆಸರಿಗೆ ಚೌಕ, ನೋಡಿದರೆ ಅಗಲವಾದ ರಾಜಬೀದಿ. ಅದರ ತಲೆಯಲ್ಲಿ ರಾಷ್ಟ್ರೀಯ ವಸ್ತುಸಂಗ್ರಹಾಲಯ. 1968ರಲ್ಲಿ ಆ ಕಟ್ಟಡದ ಮೇಲೆ ಹಾರಿದ ಗುಂಡುಗಳ ಗುರುತನ್ನು ದುರಸ್ತಿಯ ಕಾಲದಲ್ಲೂ ಅಳಿಸದೆ ಬಿಟ್ಟಿದ್ದಾರೆ. ಮುಂದಿನ ನೆಲದಲ್ಲಿ ಕರಗಿ ಹರಡಿದಂತಿರುವ ಕಂಚಿನ ಶಿಲುಬೆ. 1969ರ ಜನವರಿಯಲ್ಲಿ ಯಾನ್ ಪಾಲಾಖ್ ಎಂಬ ಇಪ್ಪತ್ತು ವರ್ಷದ ವಿದ್ಯಾರ್ಥಿ ದೇಶ ಬಗ್ಗಿಹೋಗುವುದನ್ನು ತಾಳಲಾರದೆ ಇಲ್ಲಿ ಪ್ರಾಣ ಕೊಟ್ಟ. ಗೈಡಮ್ಮ ಇಲ್ಲಿ ಹೆಚ್ಚು ಮಾತಾಡಲಿಲ್ಲ. “ಅವನನ್ನು ನಾವು ಗೌರವಿಸುತ್ತೇವೆ. ಆದರೆ ನಾನು ತಾಯಿ. ನನ್ನ ಮಗನಿಗೆ ಹೇಳಿದ್ದು ಇಷ್ಟೆ: ಬದುಕಿದ್ದು ಹೋರಾಡು” ಎಂದರು.

ಅಲ್ಲಿಂದ ನಾರೊದ್ನಿ ಎಂಬ ಬೀದಿ. ಒಂದು ಕಮಾನಿನ ಕೆಳಗೆ ಗೋಡೆಯಿಂದ ಹೊರಚಾಚಿದ ಕಂಚಿನ ಕೈಗಳು, ಕೆಳಗೆ ಒಂದು ತಾರೀಖು: 17.11.1989. ಈ ತಾರೀಖಿನ ಹಿಂದೆ ಇನ್ನೊಂದು ತಾರೀಖಿದೆ. 1939ರ ಅಕ್ಟೋಬರ್ 28ರಂದು ನಾಜಿ ಆಕ್ರಮಣದ ವಿರುದ್ಧ ನಡೆದ ಪ್ರದರ್ಶನದಲ್ಲಿ ಯಾನ್ ಒಪ್ಲೆತಾಲ್ ಎಂಬ ವೈದ್ಯಕೀಯ ವಿದ್ಯಾರ್ಥಿಗೆ ಗುಂಡು ತಗುಲಿ, ಅವನು ಕೆಲವು ದಿನಗಳಲ್ಲಿ ತೀರಿಕೊಂಡ. ಅವನ ಅಂತ್ಯಯಾತ್ರೆ ಮತ್ತೆ ಪ್ರತಿಭಟನೆಯಾಯಿತು. ನವೆಂಬರ್ 17ರಂದು ಒಂಬತ್ತು ಮಂದಿ ವಿದ್ಯಾರ್ಥಿ ಮುಖಂಡರನ್ನು ವಿಚಾರಣೆಯಿಲ್ಲದೆ ಕೊಂದರು. 1,200ಕ್ಕೂ ಹೆಚ್ಚು ವಿದ್ಯಾರ್ಥಿಗಳನ್ನು ಜರ್ಮನಿಯ ಸಾಕ್ಸೆನ್‌ಹೌಸೆನ್ ಶಿಬಿರಕ್ಕೆ ತಳ್ಳಿದರು. ಝೆಕ್ ವಿಶ್ವವಿದ್ಯಾಲಯಗಳಿಗೆಲ್ಲ ಬೀಗ ಬಿತ್ತು. ಆ ಬೀಗ ತೆಗೆದದ್ದು ಯುದ್ಧ ಮುಗಿದ ಮೇಲೆ, 1945ರಲ್ಲಿ. ನವೆಂಬರ್ 17ನ್ನು ಅಂತಾರಾಷ್ಟ್ರೀಯ ವಿದ್ಯಾರ್ಥಿ ದಿನವೆಂದು ಆಚರಿಸುವುದು ಇದೇ ಕಾರಣಕ್ಕೆ. ಅಷ್ಟು ವರ್ಷ ಮೇಷ್ಟ್ರಾಗಿದ್ದ ನನಗೆ ಈ ವಿಷಯ ತಿಳಿದದ್ದು ಆ ಕಮಾನಿನ ಕೆಳಗೆ.

ಆ ಘಟನೆಯ ಐವತ್ತನೆಯ ವರ್ಷ, 1989ರ ಅದೇ ದಿನ, ಪ್ರಾಗ್‌ನ ವಿದ್ಯಾರ್ಥಿಗಳು ಮೆರವಣಿಗೆ ಹೊರಟರು. ಈ ಬೀದಿಯಲ್ಲಿ ಪೊಲೀಸರು ಅವರನ್ನು ಎರಡೂ ಕಡೆಯಿಂದ ಅಡ್ಡಗಟ್ಟಿ ಬಡಿದರು. ಮಾರನೆಯ ದಿನ ವಿದ್ಯಾರ್ಥಿಗಳ ಜತೆ ನಾಟಕದ ನಟರೂ ಮುಷ್ಕರ ಹೂಡಿದರು. ದಿನದಿನಕ್ಕೂ ಜನ ಹೆಚ್ಚಿ, ವೆನ್ಸೆಸ್ಲಾಸ್ ಚೌಕದಲ್ಲಿ ಲಕ್ಷಗಟ್ಟಲೆ ಮಂದಿ ಸೇರಿದರು. ಕೈಯಲ್ಲಿ ಕಲ್ಲಿಲ್ಲ, ಕೋಲಿಲ್ಲ. ಜೇಬಿನಿಂದ ಮನೆಯ ಬೀಗದಕೈ ಗೊಂಚಲು ತೆಗೆದು ಅಲ್ಲಾಡಿಸಿದರು. ಆಟ ಮುಗಿಯಿತು, ನೀವಿನ್ನು ಮನೆಗೆ ಹೊರಡಿ ಎಂದು ಆಳುವವರಿಗೆ ಹೇಳುವ ಗಂಟೆ. ವರ್ಷ ಮುಗಿಯುವ ಮುನ್ನ, ಡಿಸೆಂಬರ್ 29ರಂದು, ಹಲವು ಸಲ ಜೈಲು ಕಂಡಿದ್ದ ನಾಟಕಕಾರ ವಾಕ್ಲಾವ್ ಹಾವೆಲ್ ರಾಷ್ಟ್ರಾಧ್ಯಕ್ಷರಾದರು.

ಗೈಡಮ್ಮ ಕೈಚೀಲದಿಂದ ತಮ್ಮ ಬೀಗದಕೈ ಗೊಂಚಲು ತೆಗೆದು ಒಮ್ಮೆ ಅಲ್ಲಾಡಿಸಿ ತೋರಿಸಿದರು. “ಅಪ್ಪ ನನ್ನ ಪಕ್ಕದಲ್ಲಿ ನಿಂತಿದ್ದರು. ನೆಲಮಾಳಿಗೆಯ ಬಾಯ್ಲರ್ ಕೋಣೆಯ ಕೀಲಿ ಇಷ್ಟುದ್ದ ಇತ್ತು, ಒಳ್ಳೆಯ ಸದ್ದು ಬರುತ್ತಿತ್ತು” ಎಂದರು. ಅವರಿಗೆ ವಿಶ್ವವಿದ್ಯಾಲಯದ ಬಾಗಿಲು ತೆರೆದಾಗ ಮೂವತ್ತು ದಾಟಿತ್ತು. ಪದವಿ ಪಡೆದ ದಿನ ಚಿತ್ರ ತೆಗೆದವರು ಅಪ್ಪನೇ ಅಂತೆ.

ಸೇತುವೆ

ಅಲ್ಲಿಂದ 22ನೇ ನಂಬರ್ ಟ್ರಾಮ್ ಹತ್ತಿ ಗುಡ್ಡದ ಮೇಲಿನ ಕೋಟೆಗೆ ಹೋದೆವು. 1344ರಲ್ಲಿ ಆರಂಭವಾಗಿ 1929ರಲ್ಲಿ ಪೂರ್ತಿಯಾದ ಸಂತ ವೀಟಸ್ ಚರ್ಚು. 1618ರಲ್ಲಿ ಚಕ್ರವರ್ತಿಯ ಅಧಿಕಾರಿಗಳನ್ನು ಹೊರಗೆಸೆದು ಮೂವತ್ತು ವರ್ಷಗಳ ಯುದ್ಧಕ್ಕೆ ನಾಂದಿ ಹಾಡಿದ ಕಿಟಕಿ. ಕಾಫ್ಕಾ ಒಂದು ಚಳಿಗಾಲ ಕೂತು ಬರೆದ, ಗೂಡಿನಂಥ ಪುಟ್ಟ ಮನೆ. ಆ ಮನೆಯನ್ನು ಬಾಡಿಗೆಗೆ ಹಿಡಿದಿದ್ದ ಅವನ ಪ್ರೀತಿಯ ತಂಗಿ ಒಟ್ಲಾ 1943ರಲ್ಲಿ ಆಶ್ವಿಟ್ಸ್‌ನಲ್ಲಿ ಸತ್ತಳೆಂದು ಕೇಳಿದ ಮೇಲೆ ಉಳಿದದ್ದೇನೂ ತಲೆಗೆ ಹತ್ತಲಿಲ್ಲ. ಕಾಲು ಸೋತಿತ್ತು. ಇಳಿಜಾರಿನ ಬೀದಿಯಲ್ಲಿ ನಿಧಾನವಾಗಿ ಇಳಿದು ಚಾರ್ಲ್ಸ್ ಸೇತುವೆಗೆ ಬಂದಾಗ ಸಂಜೆಯ ಬಿಸಿಲು ಹಳದಿಯಾಗಿತ್ತು.

ವಲ್ಟಾವಾ ನದಿಗೆ ಕಟ್ಟಿದ ಈ ಕಲ್ಲುಸೇತುವೆ 516 ಮೀಟರ್ ಉದ್ದ. ಎರಡೂ ಬದಿಯಲ್ಲಿ ಸೇರಿ ಮೂವತ್ತು ವಿಗ್ರಹ ಸಮೂಹಗಳು. ಜ್ಯೋತಿಷಿಗಳ ಮಾತಿನಂತೆ 1357ರ ಒಂಬತ್ತನೆಯ ದಿನ, ಏಳನೆಯ ತಿಂಗಳು, ಬೆಳಿಗ್ಗೆ 5 ಗಂಟೆ 31 ನಿಮಿಷಕ್ಕೆ ಶಂಕುಸ್ಥಾಪನೆ ಆಯಿತೆಂದು ಹೇಳುತ್ತಾರೆ. ಬರೆದರೆ 1, 3, 5, 7, 9, 7, 5, 3, 1. “ಇವರೂ ನಮ್ಮ ಹಾಗೇ ಮುಹೂರ್ತ ನೋಡೋರೇ” ಎಂದು ನನ್ನಾಕೆಗೆ ಬಹಳ ಸಮಾಧಾನವಾಯಿತು. ಗಾರೆಗೆ ಬೆರೆಸಲು ಊರೂರಿನಿಂದ ಮೊಟ್ಟೆ ತರಿಸಿದರಂತೆ. ಒಂದೂರಿನವರು ದಾರಿಯಲ್ಲಿ ಒಡೆದಾವೆಂದು ಬೇಯಿಸಿ ಕಳಿಸಿದರಂತೆ. ಆ ದಿನದಲ್ಲಿ ಮೊದಲ ಬಾರಿಗೆ ನಾವು ಮೂವರೂ ಒಟ್ಟಿಗೆ ನಕ್ಕೆವು.

ಗೈಡಮ್ಮ ಸೇತುವೆಯ ಆ ತುದಿಯಲ್ಲಿ ಕೊಡೆ ಮಡಚಿ, ಎಲ್ಲರ ಕೈ ಕುಲುಕಿ, ನನ್ನಾಕೆ ಕಟ್ಟಿಕೊಟ್ಟ ಚಟ್ನಿಪುಡಿ ಪೊಟ್ಟಣವನ್ನು ಚೀಲಕ್ಕೆ ಹಾಕಿಕೊಂಡು ಜನರ ನಡುವೆ ಮರೆಯಾದರು. ನಮ್ಮ ಜಗಳದ ವಿಷಯ ಅವರಿಗೆ ಗೊತ್ತೇ ಇರಲಿಲ್ಲ.

ಕಟ್ಟೆಗೆ ಒರಗಿ ನೀರು ನೋಡುತ್ತ ನಿಂತೆವು. ಮಗಳಿಗೆ ಹೇಳಬೇಕಾದ ದೊಡ್ಡ ಮಾತುಗಳನ್ನು ಮನಸ್ಸಿನಲ್ಲೇ ಜೋಡಿಸುತ್ತಿದ್ದೆ. ಸಯ್ಯಾಜಿರಾವ್ ರಸ್ತೆಯ ಸ್ಟೂಲಿನ ಮಾತಿಗೆ ಕ್ಷಮೆ ಕೇಳಬೇಕಿತ್ತು. ಬಾಯಿಂದ ಬಂದದ್ದು ಇಷ್ಟೇ: “ಆ ಕೋರ್ಸಿಗೆ ಅರ್ಜಿ ಹಾಕೋಕೆ ಕೊನೇ ದಿನ ಯಾವತ್ತು ಪುಟ್ಟಿ?”

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಜುಲೈ ಹದಿನೈದು ಅಪ್ಪಾ” ಎಂದಳು.

“ಹಿಡಿದ ಓದು ಮೊದಲು ಮುಗಿಸಲಿ, ಆಮೇಲೆ ಹಾಕಲಿ. ಸಾಲದ ಲೆಕ್ಕ ಯಾರು ನೋಡ್ತಾರೆ?” ಎಂದು ನನ್ನಾಕೆ ನಡುವೆ ಬಂದಳು. ಇಡೀ ದಿನ ಮಾತಾಡದೆ ಇದ್ದವಳ ತೀರ್ಪು ಅದು. ಇಬ್ಬರೂ ಒಪ್ಪಿದೆವು.

ಹಾಗೆಯೇ ಆಯಿತು. ಮಗಳು ಎಂಜಿನಿಯರಿಂಗ್ ಮುಗಿಸಿದಳು. ಎರಡು ವರ್ಷ ಕಾರ್ಖಾನೆಯಲ್ಲಿ ದುಡಿದು ಸಾಲ ಕಳೆದಳು. ಆಮೇಲೆ ತನಗೆ ಬೇಕಾದದ್ದನ್ನು ಓದಿದಳು. ಈಗ ಒಂದು ವಸ್ತುಸಂಗ್ರಹಾಲಯದ ಹಿಂಬದಿಯ ಕೋಣೆಯಲ್ಲಿ ಭೂತಗನ್ನಡಿ ಕಣ್ಣಿಗೆ ಹಚ್ಚಿ ಹಳೆಯ ಚಕ್ರಗಳ ಹಲ್ಲು ಎಣಿಸುತ್ತಾಳೆ. ಜತೆಯಲ್ಲಿ ಓದಿದವರ ಸಂಬಳದ ಅರ್ಧವೂ ಇಲ್ಲ. ಆ ಲೆಕ್ಕ ನನ್ನ ಮನಸ್ಸಿಗೆ ಬರುವುದೇ ಇಲ್ಲ ಎಂದರೆ ಸುಳ್ಳಾದೀತು. ಬಂದಾಗ ಆ ರೈಲಿನ ಟಿಕೇಟು ತೆಗೆದು ನೋಡುತ್ತೇನೆ. 24 ಗಂಟೆ 51 ನಿಮಿಷ.

ಅವಳು ಆ ಅರ್ಜಿಯನ್ನು ಕಳಿಸುವ ಮುನ್ನ ನನಗೆ ತೋರಿಸಿದ್ದಳು. ಚಾಳಿಯಂತೆ ಮೊದಲಿನಿಂದ ಕೊನೆಯವರೆಗೆ ಓದಿದೆ. ಹೆಸರು, ಹುಟ್ಟಿದ ದಿನ, ಓದು, ಈ ವಿದ್ಯೆ ಯಾಕೆ ಬೇಕು ಎಂದು ಒಂದು ಪುಟ. ಎಷ್ಟು ಹುಡುಕಿದರೂ ತಂದೆಯ ಉದ್ಯೋಗ ಎಂಬ ಕಲಂ ಅದರಲ್ಲಿ ಇರಲಿಲ್ಲ.